ಮೊಲ ತಿಂದದ್ದೆಷ್ಟು, ಹುಳು ತಿಂದದ್ದೆಷ್ಟು

ತೋಟಗಾರಿಕೆ ಇಲಾಖೆಯಲ್ಲಿ ನಾನು ಇದ್ದಷ್ಟು ಕಾಲ ನನ್ನನ್ನು ಗೋಳು ಹೊಯ್ದುಕೊಂಡವರು ಇಬ್ಬರು. ಒಬ್ಬನಿಗೆ ಉದ್ದ ಕಿವಿ. ಇನ್ನೊಬ್ಬನಿಗೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ, ಬರಿಗಣ್ಣಿಗೆ ಅವನೇ ಇಲ್ಲ. ಮೊದಲನೆಯದು ಕಾಡುಮೊಲ. ಎರಡನೆಯದು ಗಿಡದ ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಸುವ ಜಂತುಹುಳು. ಸಾಗರ, ತೀರ್ಥಹಳ್ಳಿ, ಹೊಸನಗರ ಮೂರೂ ತಾಲೂಕು ಸುತ್ತಿದ ಮೇಲೂ, ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ.

ಮೊನ್ನೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿದ್ದರು. “ಮೇಡಂ, ನಿಮ್ಮ ಅನುಭವ ಬರ್ದು ಕೊಡಿ, ನಮ್ಗೆ ಅನುಕೂಲ ಆಗ್ತದೆ” ಎಂದರು. ಅನುಕೂಲ ಆಗುತ್ತದೋ, ಇರುವ ತಲೆಯೂ ಕೆಡುತ್ತದೋ ನನಗೆ ಗೊತ್ತಿಲ್ಲ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವುಗಳ ಕಥೆ ಎಲ್ಲರದ್ದೂ ಒಂದೇ, ಅದನ್ನು ಬಿಟ್ಟುಬಿಡುತ್ತೇನೆ. ನೀವು ನಾಳೆ ಹೋಗಿ ನಿಲ್ಲುವುದು ಯಾರದ್ದೋ ಹಕ್ಕಲಿನಲ್ಲಿ, ಅಂದರೆ ಮನೆಯ ಪಕ್ಕದ, ನೀರು ನಿಲ್ಲದ ಎತ್ತರದ ಜಾಗದಲ್ಲಿ. ಅಲ್ಲಿ ಬದನೆಯೋ ಬೆಂಡೆಯೋ ಸಪ್ಪೆ ಮುಖ ಮಾಡಿಕೊಂಡು ನಿಂತಿರುತ್ತದೆ. ಯಜಮಾನರು ನಿಮ್ಮ ಮುಖ ನೋಡುತ್ತಾರೆ. ಆಗ ಏನು ಮಾಡಬೇಕು ಎನ್ನುವುದೇ ಈ ಬರಹ. ನನಗೂ ಪೂರ್ತಿ ಗೊತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಸಾಗರದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಬ್ಬರ ಗುರುತನ್ನೂ ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಮೊಲ ಕಚ್ಚಿದ ಎಳೆ ಗಿಡವನ್ನು ನೋಡಿದರೆ ಯಾರೋ ಚೂರಿಯಿಂದ ಓರೆಯಾಗಿ ಕೊಯ್ದ ಹಾಗಿರುತ್ತದೆ. ದನವಾದರೆ ಎಳೆದು ಹರಿಯುತ್ತದೆ, ಅರ್ಧ ನೆಲಕ್ಕೆ ಚೆಲ್ಲುತ್ತದೆ. ಮೊಲದ ಕೆಲಸ ಚೊಕ್ಕ. ಹತ್ತಿರದಲ್ಲೇ ಕಡಲೆಕಾಳಿನಂಥ ಹಿಕ್ಕೆ ಬಿದ್ದಿರುತ್ತದೆ. ಹುಳು ಹೊಕ್ಕ ಗಿಡವಾದರೆ ಮಧ್ಯಾಹ್ನದ ಬಿಸಿಲಿಗೆ ಬಾಡಿ ಮಲಗುತ್ತದೆ, ಸಂಜೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ನೀರು ಸಾಲದೆಂದು ಮನೆಯವರು ಕೊಡಗಟ್ಟಲೆ ಹೊಯ್ಯುತ್ತಾರೆ. ಗಿಡ ಕುಡಿಯಬೇಕಲ್ಲ? ಕಿತ್ತು ನೋಡಿದರೆ ಬೇರಿನ ತುಂಬ ಗಂಟು.

ಪುಸ್ತಕದಲ್ಲಿ ಇವು ಬೇರೆ ಬೇರೆ ಪುಟದಲ್ಲಿದ್ದವು. ಹಕ್ಕಲಿನಲ್ಲಿ ಹಾಗಿರಲಿಲ್ಲ. ಮೊದಲ ತಿಂಗಳಲ್ಲೇ ನಾನು ಹೋದ ಬೆಂಡೆಯ ಸಾಲಿನಲ್ಲಿ ತುದಿ ಓರೆಯಾಗಿ ತುಂಡಾಗಿತ್ತು, ಬುಡದಲ್ಲಿ ಗಂಟೂ ಇತ್ತು. ಹುಳು ಸೊರಗಿಸಿದ ಗಿಡವನ್ನು ಮೊಲ ತಿಂದಿತೋ, ಮೊಲ ತಿಂದು ನಿತ್ರಾಣವಾದ ಗಿಡ ಹುಳುವಿಗೆ ಸೋತಿತೋ? ನಾನು ಪೆನ್ನು ಕಚ್ಚಿಕೊಂಡು ನಿಂತೆ. ಆ ಮನೆಯಾಕೆ ಮಜ್ಜಿಗೆ ತಂದುಕೊಟ್ಟು, “ಎಂತ ಆತು ಮೇಡಂ, ನಿಮ್ಗೇ ಹುಷಾರಿಲ್ವಾ?” ಎಂದು ಕೇಳಿದರು.

ಅಲ್ಲಿ ನಮಗೊಬ್ಬರು ಹಿರಿಯ ಅಧಿಕಾರಿ ಇದ್ದರು. ಬಯಲುಸೀಮೆಯವರು, ಒಳ್ಳೆಯ ಮನುಷ್ಯ, ಭಾಷಣವೆಂದರೆ ಪ್ರಾಣ. ಒಂದು ಸಲ ಅಲಸಂದೆ ಬೆಳೆದವರ ಹೊಲಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದೆ. ಸಾಹೇಬರು ಒಂದು ಗಿಡ ಕಿತ್ತವರೇ ಅದನ್ನು ಎತ್ತಿ ಹಿಡಿದು, “ನೋಡ್ರಿ, ಎಷ್ಟು ಚೆಂದ ಗಂಟು ಕಟ್ಟೇತಿ! ಇದು ಗಾಳ್ಯಾಗಿನ ಸಾರಜನಕ ಹಿಡಿಯೋ ಗಂಟು. ಇಂಥಾ ಬೇರಿದ್ರ ಗೊಬ್ಬರನ ಬ್ಯಾಡ” ಎಂದರು. ಸುತ್ತ ನಿಂತವರು ತಲೆದೂಗಿದರು.

ಅಲಸಂದೆಯ ಬೇರಿನಲ್ಲಿ ಒಳ್ಳೆಯ ಗಂಟೂ ಇರುತ್ತದೆ, ಅದು ನಿಜ. ಅದು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡಿದ್ದು ಹೆಬ್ಬೆರಳಿನಲ್ಲಿ ಉಜ್ಜಿದರೆ ಉದುರಿಬಿಡುತ್ತದೆ. ಹುಳುವಿನ ಗಂಟು ಉದುರುವುದಿಲ್ಲ, ಅಲ್ಲಿ ಬೇರೇ ಊದಿಕೊಂಡಿರುತ್ತದೆ. ನಾನು ಮೆಲ್ಲಗೆ, “ಸರ್, ಒಂದ್ಸಲ ಉಜ್ಜಿ ನೋಡಿ” ಎಂದೆ. ಅವರು ಉಜ್ಜಿದರು. ಉದುರಲಿಲ್ಲ. “ನೋಡ್ರಿ, ಎಷ್ಟು ಗಟ್ಟಿ ಹಿಡಕೊಂಡೇತಿ!” ಎಂದು ಇನ್ನಷ್ಟು ಸಂತೋಷಪಟ್ಟರು. ಮರುವರ್ಷ ಆ ರೈತ ಕಚೇರಿಗೆ ಬಂದು, “ಮೇಡಂ, ಸಾಹೇಬ್ರು ಹೊಗಳಿದ್ರಲ್ಲ ಗಂಟು, ಈ ಸಲ ಇನ್ನೂ ಜಾಸ್ತಿ ಬಂದದೆ!” ಎಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮತ್ತೆ ಅವರ ಹೊಲಕ್ಕೆ ಹೋಗಿ ವಿಷಯ ಬಿಡಿಸಿ ಹೇಳಿದೆ. ಅವರು ಕೇಳಿದರು, ಆದರೆ ನಂಬಿದ್ದು ಸಾಹೇಬರನ್ನೇ.

ತೀರ್ಥಹಳ್ಳಿಗೆ ಬಂದ ಮೇಲೆ ಗೊಂದಲ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಹೆಚ್ಚಾಯಿತು. ಒಂದಕ್ಕೆ ಹೇಳಿದ ಔಷಧ ಇನ್ನೊಂದಕ್ಕೆ ಹಬ್ಬವಾಗುತ್ತಿತ್ತು. ಮೇಳಿಗೆ ಊರಿನ ಕಡೆಯ ಒಬ್ಬರಿಗೆ ಹುಳುವಿನ ಕಾಟಕ್ಕೆ ತರಕಾರಿಯ ನಡುವೆ ಚೆಂಡುಹೂ ಹಾಕಿಸಿದ್ದೆ. ಚೆಂಡುಹೂವಿನ ಬೇರು ಹುಳುವಿಗೆ ಆಗದು. ಗಿಡ ಸೊಂಪಾಗಿ ಪೊದೆಯಾಗಿ ಬೆಳೆಯಿತು, ಹುಳು ತಗ್ಗಿತು, ಆ ಪೊದೆಯ ತಂಪಿನಲ್ಲಿ ಹಗಲೆಲ್ಲ ಮೊಲ ಬಂದು ಕೂರತೊಡಗಿತು. ಅಲ್ಲಿಂದ ಎದ್ದರೆ ಎದುರಿಗೇ ಊಟ. ಪಕ್ಕದ ಮನೆಯವರು ಬುದ್ಧಿವಂತರು, ಮೊಲ ಅಲ್ಲೇ ತಿಂದುಕೊಂಡು ಹೋಗಲೆಂದು ಅಂಚಿಗೆ ಸುತ್ತ ಅಲಸಂದೆ ಬಿತ್ತಿದರು. ಮೊಲವೇನೋ ಅಲ್ಲೇ ತಿಂದಿತು. ಹುಳುವಿಗೆ ಅಲಸಂದೆಯೆಂದರೆ ಪಂಚಪ್ರಾಣ. ಅದು ಅಂಚಿನಲ್ಲಿ ಸಂಸಾರ ಬೆಳೆಸಿಕೊಂಡು ಒಳಗಿನ ಬದನೆಗೆ ದಾಟಿತು. ಇಬ್ಬರೂ ಒಂದೇ ದಿನ ಕಚೇರಿಗೆ ಬಂದು ನನ್ನ ಮುಂದೆ ಕೂತರು. ಒಬ್ಬರು ಹೂವನ್ನು ಬೈಯುತ್ತಿದ್ದರು, ಇನ್ನೊಬ್ಬರು ಅಲಸಂದೆಯನ್ನು. ನಾನು ಇಬ್ಬರಿಗೂ ಕಾಫಿ ತರಿಸಿದೆ. ಬೇರೇನು ಮಾಡಲಿ?

ಆಗಲೇ ನಾನು ಈ ಇಬ್ಬರನ್ನು ಹೋಲಿಸುವ ಹುಚ್ಚಿಗೆ ಬಿದ್ದದ್ದು. ಬಹಳ ಮಂದಿ ತಿಳಿದಿರುವ ಹಾಗೆ ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನಲ್ಲಿ ಮೈಯಗಲ ಜಾಗ ತಗ್ಗು ಮಾಡಿಕೊಂಡು ಅಲ್ಲೇ ಕೂರುತ್ತದೆ. ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈ ತುಂಬ ಕೂದಲಿರುತ್ತದೆ. ತಾಯಿ ಅದನ್ನು ಒಂಟಿಯಾಗಿ ಬಿಟ್ಟು ದೂರ ಇರುತ್ತಾಳೆ, ಕತ್ತಲಾಗುವ ಹೊತ್ತಿಗೆ ಬಂದು ಹಾಲೂಡಿಸಿ ಹೋಗುತ್ತಾಳೆ. ಹತ್ತಿರವೇ ಇದ್ದರೆ ವಾಸನೆ ಹಿಡಿದು ನರಿ ಬರುತ್ತದಲ್ಲ. ಈ ಹೆಣ್ಣು ಹುಳುವಿನದ್ದು ತದ್ವಿರುದ್ಧ. ಮರಿಯಾಗಿದ್ದಾಗ ಬೇರು ಹೊಕ್ಕಿದ್ದೇ ಹೊಕ್ಕಿದ್ದು, ಮತ್ತೆ ಹೊರಗಿಲ್ಲ. ಕೂತಲ್ಲೇ ಉಂಡು, ಕೂತಲ್ಲೇ ಊದಿ, ಅಂಟಿನಂಥ ಮುದ್ದೆಯಲ್ಲಿ ನೂರಾರು ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಒಂದು ಉಂಡು ಹೋಗುವ ನೆಂಟ, ಇನ್ನೊಂದು ಉಳಿದುಬಿಡುವ ನೆಂಟ. ಆದರೂ ಬೈಗುಳ ತಿನ್ನುವುದು ಮೊಲವೇ. ಕಾಣುತ್ತದಲ್ಲ, ಅದಕ್ಕೆ. ಹುಳುವಿಗೆ ಶಾಪ ಹಾಕಿದ ಒಬ್ಬ ರೈತನನ್ನೂ ನಾನು ನೋಡಿಲ್ಲ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲೆಲ್ಲ ಹುಳುವಿಗೆ ಹರಳು ವಿಷ ಹೇಳುತ್ತಿದ್ದೆವು. ಸಾಸಿವೆಯಂಥ ಹರಳು, ಬುಡಕ್ಕೆ ಹಾಕಿ ಮಣ್ಣು ಮುಚ್ಚಬೇಕು. ಮುಚ್ಚುವ ತಾಳ್ಮೆ ಎಷ್ಟು ಜನಕ್ಕಿತ್ತು? ಒಂದು ಬೆಳಿಗ್ಗೆ ಹೋದಾಗ ಅಂಚಿನಲ್ಲಿ ಮೊಲವೊಂದು ಕಾಲು ಚಾಚಿ ಬಿದ್ದಿತ್ತು. ಹೊಲದವರು ಖುಷಿಯಿಂದ, “ಹುಳದ ಔಷಧಿ ಮೊಲಕ್ಕೂ ಆತು ನೋಡಿ!” ಎಂದರು. ಅದರ ಕಣ್ಣು ತೆರೆದೇ ಇತ್ತು. ನನಗೆ ಅವತ್ತು ಊಟ ಸೇರಲಿಲ್ಲ. ಆಮೇಲೆ ಆ ಹರಳು ಹೋಯಿತು, ಬೇವಿನ ಹಿಂಡಿ ಬಂತು, ಬೇಸಿಗೆಯಲ್ಲಿ ಮಣ್ಣಿಗೆ ಪ್ಲಾಸ್ಟಿಕ್ ಹಾಳೆ ಹೊದೆಸಿ ಬಿಸಿಲಿಗೆ ಬೇಯಿಸುವ ಕ್ರಮ ಬಂತು. ಕೊನೆಗೆ ವಾಟ್ಸಾಪ್ ಬಂತು. ಈಗ ಎಲ್ಲರೂ ಎಲೆಯ ಫೋಟೋ ಕಳಿಸುತ್ತಾರೆ. ಬೇರಿನ ಫೋಟೋ ಯಾರೂ ಕಳಿಸುವುದಿಲ್ಲ. ಮಕ್ಕಳೇ, ನೀವು ಹೋಗಿ ಕಿತ್ತು ನೋಡಿ. ಇಡೀ ಬರಹದಲ್ಲಿ ನಾನು ಧೈರ್ಯವಾಗಿ ಹೇಳಬಲ್ಲ ಮಾತು ಇದೊಂದೇ.

ಇನ್ನು ಹೊಸನಗರದ ಕಥೆ. ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆನೋ ಏನೋ.

ಮಾಸ್ತಿಕಟ್ಟೆ ರಸ್ತೆಯಿಂದ ಒಳಗೆ ಹೋದರೆ ಒಂದು ಸಣ್ಣ ಕೇರಿ. ಅಲ್ಲಿ ಗಿರಿಜಮ್ಮ ಎಂಬುವವರಿದ್ದರು. ಅರವತ್ತು ದಾಟಿದವರು, ಗಟ್ಟಿ ದನಿ, ಕೇರಿಗೆಲ್ಲ ಹಿರಿಯರು. ಅವರ ಹಿತ್ತಲಲ್ಲಿ ಒಂದು ಬದನೆಯ ತಳಿಯಿತ್ತು. ಹಸಿರು ಮೈಗೆ ಬಿಳಿ ಗೀರು, ಎಣ್ಣೆಗಾಯಿ ಮಾಡಿದರೆ ಬೆಣ್ಣೆಯಂತೆ ಕರಗುತ್ತಿತ್ತು. ಅವರ ಅತ್ತೆ ತವರಿನಿಂದ ತಂದದ್ದಂತೆ. ಸುತ್ತಲಿನವರು ಅದನ್ನು ಗಿರಿಜಮ್ಮನ ಬದನೆ ಎಂದೇ ಕರೆಯುತ್ತಿದ್ದರು. ದಸರೆ ಕಳೆದು ಮಳೆ ಹಿಂದಾಗುತ್ತಿದ್ದಂತೆ ಕೇರಿಯ ಹೆಂಗಸರೆಲ್ಲ ಸಸಿಗೆ ಅವರ ಮನೆಗೆ ಬರುತ್ತಿದ್ದರು.

ಸಸಿ ಒಯ್ಯಲು ಆ ಕೇರಿಯಲ್ಲಿ ಒಂದು ಪದ್ಧತಿ. ಸಸಿಯನ್ನು ಬರಿ ಬೇರಿನಲ್ಲಿ ಕೀಳುವಂತಿಲ್ಲ, ಬುಡದ ಮಣ್ಣಿನ ಸಮೇತ ಎತ್ತಿ ಬಾಳೆಪಟ್ಟೆಯಲ್ಲಿ ಸುತ್ತಿ ಕೊಡಬೇಕು. ಒಯ್ಯುವವರು ತಮ್ಮ ಹಕ್ಕಲಿನಿಂದ ಒಂದು ಹಿಡಿ ಮಣ್ಣು ತಂದು, ಸಸಿ ಎದ್ದ ಕುಳಿಗೆ ತುಂಬಬೇಕು. ಕೊಟ್ಟವರ ಸಸಿಮಡಿ ಬರಿದಾಗಬಾರದು ಎಂದು. ಮಣ್ಣು ತುಂಬಿದ ಮೇಲೆ ಜಗುಲಿಯಲ್ಲಿ ಕೂತು ಕಾಫಿ ಕುಡಿಯಬೇಕು, ವರ್ಷದ ಸುದ್ದಿಯೆಲ್ಲ ಹೇಳಬೇಕು. ಬೀಜ ಮಾತ್ರ ಗಿರಿಜಮ್ಮ ಯಾರಿಗೂ ಕೊಟ್ಟವರಲ್ಲ. ಸಸಿ ಬೇಕಾದರೆ ಬರಲಿ ಎನ್ನುತ್ತಿದ್ದರು. ಮೊದಲ ಸಲ ನೋಡಿದಾಗ ನನಗೂ ಈ ಪದ್ಧತಿ ಬಹಳ ಚೆಂದ ಕಂಡಿತ್ತು.

ಒಂದು ವರ್ಷ ಗಿರಿಜಮ್ಮನ ಫೋನು ಬಂತು. “ಮೇಡಂ, ಮೊಲ ಕಾಟ ಕೊಡ್ತಾ ಇದೆ. ಒಂದು ಗಿಡ ಉಳ್ಸಲ್ಲ. ಬಂದು ನೋಡಿ.” ಹೋದೆ. ಮೊಲ ಬಂದದ್ದು ಸುಳ್ಳಲ್ಲ. ಅಂಚಿನ ಸಾಲಿನಲ್ಲಿ ಓರೆ ಕೊಯ್ತ, ಹಿಕ್ಕೆ, ಎಲ್ಲ ಇತ್ತು. ಆದರೆ ಒಳಗಿನ ಸಾಲೂ ಹಳದಿಯಾಗಿತ್ತು. ಕಿತ್ತೆ. ಗಂಟು. ಪಕ್ಕದ ನಾಗರತ್ನಳ ಹಕ್ಕಲಿಗೆ ಹೋಗಿ ಕಿತ್ತೆ. ಅಲ್ಲೂ ಗಂಟು. ಆ ಸಾಲಿನ ಪ್ರತಿ ಮನೆಯಲ್ಲೂ ಅದೇ.

ನಾಗರತ್ನ ಚಿಕ್ಕ ವಯಸ್ಸಿನವಳು. ತರಕಾರಿ ಬೆಳೆದು ಹೊಸನಗರದ ಸಂತೆಯಲ್ಲಿ ಕೂತು ಮಾರುತ್ತಿದ್ದಳು, ಮನೆ ನಡೆಯುತ್ತಿದ್ದದ್ದೇ ಅದರಲ್ಲಿ. ಗಿರಿಜಮ್ಮ ಸಂಬಂಧಿಕರಲ್ಲದಿದ್ದರೂ ಬಾಯಿ ತುಂಬ ಅತ್ತೆ ಎನ್ನುತ್ತಿದ್ದಳು. ಮಣ್ಣಿನ ಪರೀಕ್ಷೆಯ ಫಲಿತಾಂಶ ಹಿಡಿದು ನಾನು ಮತ್ತೆ ಹೋದ ದಿನ ಕೇರಿಯವರೆಲ್ಲ ಗಿರಿಜಮ್ಮನ ಅಂಗಳದಲ್ಲಿ ಸೇರಿದ್ದರು. ಮೊದಲು ಬಾಯಿ ತೆರೆದವಳು ನಾಗರತ್ನಳೇ.

“ಮೇಡಂ, ನೀವು ಕಲ್ತವ್ರು. ಎಲ್ರ ಎದ್ರಿಗೂ ಹೇಳಿ. ಈ ಹುಳ ಬಂದಿದ್ದು ಅತ್ತೆ ಮಡಿಯಿಂದ ಅಲ್ದಾ?”

ಗಿರಿಜಮ್ಮ ಎದ್ದು ನಿಂತರು. “ನನ್ನ ಮಡಿಯಿಂದನಾ? ಆ ಮಡಿಗೆ ವರ್ಷಾ ವರ್ಷಾ ಮಣ್ಣು ತಂದು ಹಾಕಿದ್ದು ಯಾರೇ? ನೀನಲ್ದಾ? ಮೊಲ ತಿಂದಿದ್ದಕ್ಕೆ ನನ್ನ ಮೇಲೆ ಗೂಬೆ ಕೂರಿಸ್ತೀಯಾ?”

“ಮೊಲ ತಿಂದ್ರೆ ತುದಿ ತಿಂತದೆ ಅತ್ತೆ. ಬೇರಿಗೆ ಎಂತಕ್ಕೆ ಕೈ ಹಾಕ್ತದೆ?”

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ಫಲಿತಾಂಶ ಎಲ್ಲ ಮನೆಯ ಮಣ್ಣಿನಲ್ಲೂ ಹುಳು ಇದೆ ಎಂದಷ್ಟೇ ಹೇಳುತ್ತಿತ್ತು. ಮೊದಲು ಯಾರ ಮನೆಯಲ್ಲಿತ್ತು ಎಂದು ಹೇಳುವ ಪರೀಕ್ಷೆ ಲೋಕದಲ್ಲಿಲ್ಲ. ಸಸಿಯ ಜೊತೆ ಮಣ್ಣು ಆಚೆ ಹೋಗಿದೆ, ಕುಳಿಗೆಂದು ಮಣ್ಣು ಈಚೆ ಬಂದಿದೆ, ಎಷ್ಟೋ ವರ್ಷದಿಂದ. ಯಾರು ಯಾರಿಗೆ ಕೊಟ್ಟರು? ತಲೆ ಕೆಟ್ಟು ಹೋಯಿತು. ಹೊರಗೆ ಬಂದು ಆಗಿನ ನಮ್ಮ ಸಾಹೇಬರಿಗೆ ಫೋನು ಮಾಡಿದೆ. ಇವರು ಬೇರೆಯವರು, ಬಹಳ ವ್ಯವಹಾರಸ್ಥರು. “ಮೊಲ ಅಂತ ಹೇಳಿ ಮುಗಿಸಿಬಿಡ್ರಿ ಮೇಡಂ. ಮೊಲ ಎಲ್ಲರ ಮನೆಗೂ ಹೋಗುತ್ತೆ. ಯಾರಿಗೂ ಬೇಜಾರಿಲ್ಲ” ಎಂದರು.

ನಿಜ ಹೇಳುತ್ತೇನೆ, ನನಗೆ ಆ ಸಲಹೆ ಬಹಳ ಹಿಡಿಸಿತು. ಮೊಲ ಎಂದುಬಿಟ್ಟರೆ ಜಗಳ ಇಲ್ಲಿಗೇ ನಿಲ್ಲುತ್ತದೆ, ಮುಂದಿನ ದಸರೆಗೂ ಆ ಜಗುಲಿ ತುಂಬುತ್ತದೆ, ಗಿರಿಜಮ್ಮ ಕಾಫಿ ಸೋಸುತ್ತಾರೆ. ಅದರ ಜೊತೆಗೇ ಹುಳು ಬಾಳೆಪಟ್ಟೆಯಲ್ಲಿ ಕೂತು ಪಕ್ಕದೂರಿಗೆ ಸೊಸೆಯಾಗಿ ಹೋಗುತ್ತದೆ. ನಾಗರತ್ನ ಸಂತೆಗೆ ಏನು ಒಯ್ಯುತ್ತಾಳೆ? ಹುಳು ಎಂದರೆ ನಾಗರತ್ನ ಉಳಿಯುತ್ತಾಳೆ, ಗಿರಿಜಮ್ಮನ ಮಡಿ ಹೋಗುತ್ತದೆ. ಒಬ್ಬರಿಗೆ ಒಳ್ಳೆಯದು ಮಾಡಲು ಇನ್ನೊಬ್ಬರ ಕೈ ಕಡಿಯಬೇಕು. ಇದನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ? ಆ ರಸ್ತೆಯ ಮೇಲೆ ನಿಂತು ನನಗೆ ನಿಜವಾಗಿ ಅಳು ಬಂತು.

ಒಳಗೆ ಬಂದು ಹೇಳಿದೆ. “ಮೊಲ ಬಂದಿದೆ, ನಿಜ. ಆದ್ರೆ ಗಿಡ ಹೋಗ್ತಿರೋದು ಹುಳದಿಂದ. ಅದು ಯಾರ ಮನೆಯಿಂದ ಬಂತು ಅಂತ ಯಾರಿಗೂ ಹೇಳೋಕೆ ಆಗಲ್ಲ, ನನಗೂ ಆಗಲ್ಲ. ಇನ್ನು ಮೇಲೆ ಒಬ್ಬರ ಹಕ್ಕಲ ಮಣ್ಣು ಇನ್ನೊಬ್ಬರ ಮನೆಗೆ ಹೋಗಬಾರದು. ಸಸಿ ಕೊಡೋದು ನಿಲ್ಲಬೇಕು. ಗಿರಿಜಮ್ಮನವರ ಮಡಿಯಲ್ಲಿ ಒಂದಷ್ಟು ವರ್ಷ ಬದನೆ ಬೇಡ. ಬೀಜದಲ್ಲಿ ಈ ಹುಳ ಇರಲ್ಲ. ಬೀಜ ಹಂಚ್ಕೊಳ್ಳಿ, ಅವರವರ ಮನೇಲಿ ಹೊಸ ಜಾಗದಲ್ಲಿ ಸಸಿ ಮಾಡ್ಕೊಳ್ಳಿ.”

ಗಿರಿಜಮ್ಮ ಮೆಟ್ಟಿಲ ಮೇಲೆ ಕೂತರು. ಆ ಗಟ್ಟಿ ದನಿ ಎಲ್ಲಿ ಹೋಯಿತೋ. “ಬೀಜ ಕೊಟ್ರೆ ಆಮೇಲೆ ನಮ್ಮನೆಗೆ ಯಾರು ಬರ್ತಾರೆ ಮೇಡಂ?” ಎಂದರು.

ಬರುತ್ತಾರೆ ಎಂದು ನಾನು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ನಾಗರತ್ನ ನೆಲ ನೋಡುತ್ತ ನಿಂತಿದ್ದಳು. ಗಿರಿಜಮ್ಮ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಸಿಟ್ಟು ಮಾಡಿಕೊಂಡು ಬಾಗಿಲು ಹಾಕಿಕೊಂಡರು ಎಂದೇ ನಾನು ಅಂದುಕೊಂಡೆ. ಆಮೇಲೆ ಬಂದರು. ಬೀಜಕ್ಕೆಂದು ಒಲೆಯ ಮೇಲೆ ಕಟ್ಟಿಟ್ಟಿದ್ದ ಬದನೆಕಾಯಿಗಳು ಕೈಯಲ್ಲಿದ್ದವು, ಒಣಗಿ, ಹೊಗೆ ಹಿಡಿದು ಕಪ್ಪಾಗಿದ್ದವು. ಮೊದಲನೆಯದನ್ನು ನಾಗರತ್ನಳ ಎದುರು ಚಾಚಿ ಹಿಡಿದರು.

“ತಗ. ನೀನೇ ಸಸಿ ಎಬ್ಬಿಸ್ಕ ಇನ್ನು.”

ನಾಗರತ್ನ ಕೈ ಹಿಂದಕ್ಕೆ ತೆಗೆದುಕೊಂಡಳು. “ನಂಗೆ ಬ್ಯಾಡ ಅತ್ತೆ. ನಾ ಹಂಗಂತ ಹೇಳಿದ್ದಲ್ಲ...”

“ತಗಳೇ. ಸಂತೆಗೆ ಎಂತ ತಗಂಡು ಹೋಗ್ತೀಯಾ, ಹುಲ್ಲಾ?” ಎಂದು ಗದರಿ, ಅವಳ ಸೆರಗಿಗೆ ಹಾಕಿಯೇಬಿಟ್ಟರು. ಆಮೇಲೆ ಉಳಿದವರಿಗೂ ಒಂದೊಂದು ಕೊಟ್ಟರು. ಎಲ್ಲರಿಗೂ ಕಾಫಿಯನ್ನೂ ಕೊಟ್ಟರು. ಅವತ್ತಿನ ಕಾಫಿಯಲ್ಲಿ ಯಾರೂ ಸುದ್ದಿ ಹೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಗಿರಿಜಮ್ಮನ ಹಿತ್ತಲಿಗೆ ಪ್ಲಾಸ್ಟಿಕ್ ಹೊದೆಸಿದೆವು. ಮಳೆ ಕಳೆದ ಮೇಲೆ ಚೆಂಡುಹೂ ಹಾಕಿಸಿದೆ. ಒಂದು ದಿನ ಫೋನು ಮಾಡಿ, “ಮೇಡಂ, ನಿಮ್ಮ ಹೂವಿನ ಗಿಡದ ಬುಡದಲ್ಲಿ ಮೊಲ ಮರಿ ಇಟ್ಟಿದೆ” ಎಂದರು. ಓಡಿಸಿ ಎಂದು ಹೇಳುವವಳಿದ್ದೆ. ಅಷ್ಟರಲ್ಲಿ ಅವರೇ, “ಇರ್ಲಿ ಬಿಡಿ, ಯಾರಾದ್ರೂ ಬಂದ್ರಲ್ಲ” ಎಂದು ನಕ್ಕರು. ಅದಾದ ಸ್ವಲ್ಪ ದಿನಕ್ಕೆ ನಿವೃತ್ತಿಯೂ ಆಯಿತು.

ಕೇರಿಯ ಬದನೆ ಉಳಿಯಿತು, ಬರಿ ಉಳಿಯಲಿಲ್ಲ, ಬೆಳೆಯಿತು. ಕೆಲಸ ಸರಿಯಾಯಿತು ಎಂದು ನೀವು ಹೇಳಬಹುದು. ನಾನೂ ಕೆಲವು ದಿನ ಹಾಗೇ ಹೇಳಿಕೊಳ್ಳುತ್ತೇನೆ, ಕೆಲವು ದಿನ ಆಗುವುದಿಲ್ಲ.

ಕಳೆದ ಚಳಿಗಾಲದಲ್ಲಿ ಏನೋ ಕೆಲಸಕ್ಕೆ ಹೊಸನಗರಕ್ಕೆ ಹೋದವಳು ಸಂತೆಗೂ ಹೋದೆ. ನಾಗರತ್ನ ಗೋಣಿ ಹಾಸಿ ಕೂತಿದ್ದಳು. ಎದುರಿಗೆ ಬಿಳಿ ಗೀರಿನ ಬದನೆಯ ರಾಶಿ, ನೋಡಿದರೆ ಕಣ್ಣಿಗೇ ಸಂತೋಷ. ಮಾತಾಡಿಸೋಣವೆಂದು ಜನರ ಹಿಂದೆ ನಿಂತೆ. ಯಾರೋ ಇದೆಂಥ ಬದನೆ ಎಂದು ಕೇಳಿದರು. “ನಾಟಿ ಬದನೆ, ನಮ್ಮನೇದೇ” ಎಂದಳು. ಅದು ಸುಳ್ಳೇನಲ್ಲ.

ಕೇಳಿದವರು ಆಚೆ ಸರಿದಾಗ ಕಂಡಿತು, ಅವರ ಪಕ್ಕದಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದವರು ಗಿರಿಜಮ್ಮ. ಸ್ವಲ್ಪ ಬಡವಾಗಿದ್ದರು. ಬಗ್ಗಿ ಒಂದು ಕಾಯಿ ಎತ್ತಿ, ತೊಟ್ಟು ತಿರುಗಿಸಿ ನೋಡಿ, “ಕಹಿ ಇಲ್ಲ ಅಲ್ದನೇ?” ಎಂದು ಕೇಳಿದರು.

ನಾಗರತ್ನಳ ಕೈ ತಕ್ಕಡಿಯ ಮೇಲೇ ನಿಂತಿತು. “ಇಲ್ಲ ಅತ್ತೆ” ಎಂದಳು. ತೂಗಲಿಲ್ಲ. ಎರಡೂ ಕೈಯಲ್ಲಿ ಬಾಚಿ ಅವರ ಚೀಲಕ್ಕೆ ತುಂಬತೊಡಗಿದಳು.

“ಸಾಕು ಸಾಕು, ಒಬ್ಳಿಗೆ ಎಷ್ಟು ಬೇಕು?” ಎಂದು ಗಿರಿಜಮ್ಮ ಚೀಲ ಎಳೆದುಕೊಂಡರು. ಹಿಂದೆ ತಿರುಗಿದವರಿಗೆ ನಾನು ಕಂಡೆ. ಮುಖ ಅರಳಿತು.

“ಓ, ಮೇಡಂ! ನೀವೂ ತಗಳಿ ಒಂದಿಷ್ಟು. ಎಣ್ಣೆಗಾಯಿಗೆ ಬಹಳ ಚಲೋ ಆಗ್ತದಂತೆ.”